ಪ್ಲೇಟಿನಲ್ಲಿ ಇಲ್ಲದ ಭಾನುವಾರ

ಆ ಭಾನುವಾರ ಬೆಳಿಗ್ಗೆ ನಾನು ನಮ್ಮ ಯಜಮಾನರ ಮೇಲೆ ರೇಗಿದ್ದೆ. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ರೀಡನ್ನು ಮತ್ತೆ ಕಾಫಿ ಲೋಟದಲ್ಲಿ ನೆನೆಹಾಕಿದ್ದರು.

"ರೀ, ಮನೇಲಿರೋದೇ ಎರಡು ಲೋಟ. ಒಂದು ನಿಮಗೆ, ಒಂದು ನಿಮ್ಮ ಪೀಪಿಗೆ. ನಾನೇನು ಬೊಗಸೇಲಿ ಕುಡೀಲಾ?"

"ಅದಕ್ಕೂ ಬಾಯಾರುತ್ತೆ ಕಣೇ," ಎಂದರು.

ಮಂಗಳವಾರ ಬೆಳಿಗ್ಗೆ ಗಿರಣಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವರಿಗೆ ಮಾಗಡಿ ರಸ್ತೆಯಲ್ಲಿ ಲಾರಿ ಬಡಿಯಿತು; ಅಲ್ಲೇ ಹೋಗಿಬಿಟ್ಟರು. ರೀಡು ನೆನೆಸಿದ್ದ ಲೋಟ ಇನ್ನೂ ಕಿಟಕಿಯಲ್ಲೇ ಇತ್ತು.

ರಾಜಾಜಿನಗರ ಆಗಷ್ಟೇ ಕಣ್ಣು ಬಿಡುತ್ತಿತ್ತು. ಒಂದೇ ಅಚ್ಚಿನ ಮನೆಗಳ ಸಾಲು, ಕೆಂಪು ಮಣ್ಣಿನ ಬೀದಿ, ಬೀದಿ ಮುಗಿದಲ್ಲಿ ರಾಗಿ ಹೊಲ. ನಮ್ಮವರು ಗಿರಣಿಯಲ್ಲಿ ಕೆಲಸಕ್ಕಿದ್ದರು, ಮದುವೆಯ ದಿನಗಳಲ್ಲಿ ಬ್ಯಾಂಡ್ ಸೆಟ್ಟಿನಲ್ಲಿ ಊದುತ್ತಿದ್ದರು. ಮೆರವಣಿಗೆಗೆ ಅವೇ ನಾಲ್ಕು ಹಾಡು. ನಿದ್ದೆಯಲ್ಲೂ ಅವರ ಬೆರಳು ಆ ಹಾಡುಗಳನ್ನು ನುಡಿಸುವುದನ್ನು ನಾನು ನೋಡಿದ್ದೇನೆ.

ಒಮ್ಮೆ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಇಂಗ್ಲಿಷ್ ಕುಣಿತದ ಒಂದು ನಾಚ್ ಮನೆಯಲ್ಲಿ ಊದುವವರು ಯಾರೋ ಕಾಯಿಲೆ ಬಿದ್ದರೆಂದು ಇವರು ಒಂದು ವಾರ ಬದಲಿಗೆ ಹೋಗಿ ಬಂದರು. ಬಂದವರು ಸರಿಯಾಗಿ ಊಟವನ್ನೂ ಮಾಡಲಿಲ್ಲ. "ಅದನ್ನ ಜಾಜ್ ಅಂತಾರೆ. ಹಾಡು ಶುರು ಮಾಡಿ, ಅದನ್ನ ಅಲ್ಲೇ ಬಿಟ್ಟು ಎಲ್ಲೆಲ್ಲೋ ಹೋಗ್ತಾರೆ ಕಣೇ, ಆಮೇಲೆ ಹಾಡಿಗೇ ವಾಪಸ್ ಬರ್ತಾರೆ. ಬರಲೇಬೇಕು ಅಂತ ಯಾರು ಹೇಳಿದ್ದು? ಹಾಡೇ ಇಲ್ಲದೆ ಹೊರಟ್ರೆ?" ಎಂದರು.

ಹಾಗೆ ಹೊರಟವರು ಮೂವರು: ಇವರು, ಟ್ರಂಪೆಟ್ ಊದುವವರೊಬ್ಬರು, ಡ್ರಮ್ ಬಾರಿಸುವವರೊಬ್ಬರು. ಭಾನುವಾರ ಮಧ್ಯಾಹ್ನ ಭಜನೆ ಮಂದಿರದ ಜಗಲಿಯಲ್ಲಿ ಕೂರುತ್ತಿದ್ದರು. ಮೊದಲೇ ಗೊತ್ತು ಮಾಡಿಕೊಂಡ ರಾಗವಿಲ್ಲ, ತಾಳವಿಲ್ಲ. ಒಬ್ಬರು ಏನಾದರೂ ಊದಿದರೆ ಇನ್ನೊಬ್ಬರು ಅದಕ್ಕೆ ಉತ್ತರ ಕೊಡಬೇಕು, ಅಷ್ಟೇ. ಮಂದಿರದ ಹಿರಿಯರು ಒಂದು ಷರತ್ತು ಹಾಕಿದ್ದರು. ಕೊನೆಗೆ ಒಂದು ದೇವರನಾಮ ನುಡಿಸಿಯೇ ಏಳಬೇಕು. ಮೂವರೂ ಆ ಒಂದನ್ನು ಶಾಲೆಯ ಮಗ್ಗಿಯಂತೆ ಒಪ್ಪಿಸಿ ಏಳುತ್ತಿದ್ದರು.

ನಾನು ಲೋಟಕ್ಕಾಗಿ ರೇಗಿದ ಆ ಭಾನುವಾರ ಗಿರಣಿಯ ಅಧಿಕಾರಿಯೊಬ್ಬರು ತಮ್ಮ ಟೇಪ್ ರೆಕಾರ್ಡರ್ ತಂದಿದ್ದರು. ಎರಡು ಚಕ್ರ ತಿರುಗುವ ಆ ಪೆಟ್ಟಿಗೆಯನ್ನು ನೋಡಲೆಂದೇ ಬೀದಿಗೆ ಬೀದಿಯೇ ನೆರೆದಿತ್ತು. ಮೂವರೂ ಮುಕ್ಕಾಲು ಗಂಟೆ ನುಡಿಸಿದರು. ಟ್ರಂಪೆಟ್ ಕೆಣಕಿತು, ಕ್ಲಾರಿನೆಟ್ ಬೈದಿತು, ಡ್ರಮ್ಮು ನಡುವೆ ಬಂದು ಜಗಳ ಬಿಡಿಸಿತು.

"ಬೆಕ್ಕಿನ ಬಾಲ ತುಳಿದ್ರೇನ್ರಪ್ಪಾ?" ಎಂದು ಎದುರುಮನೆಯಾಕೆ ಕೂಗಿದರು.

"ನಿಮ್ಮನೆ ಬೆಕ್ಕೇ ಅಕ್ಕಾ, ಹಾಲು ಕೇಳ್ತಾ ಐತೆ," ಎಂದರು ಡ್ರಮ್ಮಿನವರು, ಕೈ ನಿಲ್ಲಿಸದೆ.

ನಾನು ಹಿಂದೆ ಹೆಂಗಸರ ಜೊತೆ ನಿಂತಿದ್ದೆ. ನಮ್ಮವರು ನುಡಿಸುವುದನ್ನು ನಿಲ್ಲಿಸಿ, ಉಸಿರು ಎಳೆದುಕೊಂಡು, ಅಷ್ಟು ಜನರ ತಲೆಯ ಮೇಲಿಂದ ನನ್ನನ್ನು ಕೇಳಿದರು, "ಏನೇ, ಕೇಳಿಸ್ತಾ ಇದೆಯಾ?" ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡೆ. ಉತ್ತರ ಕೊಡಲಿಲ್ಲ. ಜನ ನಕ್ಕರು. ಚಕ್ರಗಳು ತಿರುಗುತ್ತಲೇ ಇದ್ದವು. ಅವರ ಮಾತು ಯಂತ್ರವೊಂದರಲ್ಲಿ ಹಿಡಿದದ್ದು ಬದುಕಿನಲ್ಲಿ ಅದೊಂದೇ ಸಲ.

ಅವರು ಹೋದ ಒಂಬತ್ತನೆಯ ದಿನ ಆ ಅಧಿಕಾರಿ ಮನೆಗೆ ಬಂದರು. ನಮ್ಮಲ್ಲಿ ತಿಥಿ ಮುಗಿಯುವವರೆಗೆ ಗಂಡ ಸತ್ತವಳು ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ನಾನು ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು.

"ಮದರಾಸಿಗೆ ಕಳಿಸಿ ಗ್ರಾಮಫೋನ್ ಪ್ಲೇಟು ಮಾಡಿಸೋಣ ಅಂತಿದೀನಿ. ಅವರ ನೆನಪಿಗೆ. ಒಂದೊಂದು ಬದಿಗೆ ಮೂರೇ ನಿಮಿಷ ಹಿಡಿಯೋದು. ಯಾವುದನ್ನ ಇಟ್ಟುಕೊಳ್ಳಲಿ?"

ಭಾವ, ಅಂದರೆ ಯಜಮಾನರ ಅಣ್ಣ, ಯೋಚನೆಯನ್ನೇ ಮಾಡಲಿಲ್ಲ. "ಆ ಪೀಪೀ ಎಲ್ಲ ಯಾಕೆ ಸ್ವಾಮಿ? ಸತ್ತೋನ ಮರ್ಯಾದೆ ಉಳೀಬೇಕು. ಕೊನೇಲಿ ದೇವರನಾಮ ಊದಿದ್ನಲ್ಲ, ಅದಿಟ್ಕೊಳ್ಳಿ ಸಾಕು."

ನನ್ನ ಬಾಯಿ ತೆರೆಯಿತು. ಬಾಗಿಲಿಗೂ ನನಗೂ ನಾಲ್ಕು ಹೆಜ್ಜೆ. ಪಕ್ಕದಲ್ಲಿದ್ದ ಸೋದರತ್ತೆ ನನ್ನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದರು. ನಾನು ಬಾಯಿ ಮುಚ್ಚಿದೆ. ಆ ಕೈಯ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ, ಅದಕ್ಕೆ ಬಗ್ಗಿದ ನನ್ನ ಮಂಡಿಯ ಮೇಲೂ ಅಷ್ಟೇ ಇದೆ.

ಅವರು ಹೋಗಿ ತಿಂಗಳಾದಾಗ ಇಡುವ ಎಡೆಯ ದಿನ ಪ್ಲೇಟು ಬಂತು. ಕೀಲಿ ಕೊಡುವ ಗ್ರಾಮಫೋನನ್ನೂ ಅಧಿಕಾರಿಯೇ ಹೊತ್ತು ತಂದಿದ್ದರು. ದೇವರನಾಮ ಎರಡೂ ಬದಿ ತುಂಬಿತ್ತು. ನೆಂಟರು ಅತ್ತರು. "ನೋಡಿ, ಎಷ್ಟು ಲಕ್ಷಣವಾಗೈತೆ," ಎಂದು ಭಾವ ಎಲ್ಲರಿಗೂ ಹೇಳಿದರು. ಷರತ್ತಿಗೆಂದು ಒಪ್ಪಿಸಿದ ಮಗ್ಗಿಯನ್ನು ನನ್ನ ಗಂಡನ ವಿದ್ಯೆಯೆಂದು ಮನೆಯವರೆಲ್ಲ ಕೈಮುಗಿದು ಕೇಳಿದರು.

ಆದರೆ ಅದು ಅವರಂತೆ ಕೇಳುತ್ತಿರಲಿಲ್ಲ. ಎಲ್ಲೋ ಏನೋ ತಪ್ಪಿತ್ತು. ಎಲ್ಲರ ಮುಂದೆಯೇ ಹೊರಗೆ ಬಂದು ಅಧಿಕಾರಿಯನ್ನು ಕೇಳಿದೆ. ಅವರು ಸಂತೋಷಪಟ್ಟರು.

"ಗುರುತು ಹಿಡಿದ್ರಲ್ಲಮ್ಮ! ಉಸಿರು ಎಳೆಯೋ ಸದ್ದು ಬಹಳ ಇತ್ತು. ಒಂದೊಂದನ್ನೂ ಬ್ಲೇಡಲ್ಲಿ ಕತ್ತರಿಸಿ, ಟೇಪು ಅಂಟಿಸಿದೀನಿ. ಎರಡು ದಿನ ಹಿಡೀತು."

"ಉಳಿದದ್ದು ಎಲ್ಲಿ ಸಾರ್?"

"ಅದರ ಮೇಲೆ ಗಿರಣಿ ವಾರ್ಷಿಕೋತ್ಸವದ ಭಾಷಣ ಹಿಡಿದುಬಿಟ್ಟೆ, ಹಳೇದು ಅಳಿಸಿಹೋಯ್ತು. ನಿಮ್ಮ ಭಾವನವರೇ ಬೇಡ ಅಂದ್ರಲ್ಲ."

ಕೆಟ್ಟ ಮನುಷ್ಯರಾಗಿದ್ದರೆ ಚೆನ್ನಾಗಿತ್ತು, ಬೈದು ಕಳಿಸುತ್ತಿದ್ದೆ. ಎರಡು ದಿನ ಕೂತು, ಕಣ್ಣು ನೋಯಿಸಿಕೊಂಡು, ಪ್ರೀತಿಯಿಂದ ನನ್ನ ಗಂಡನ ಉಸಿರನ್ನು ಕತ್ತರಿಸಿ ಎಸೆದ ಮನುಷ್ಯನಿಗೆ ನಾನು ಕಾಫಿ ಕೊಟ್ಟೆ. ಆ ಎರಡು ಲೋಟಗಳಲ್ಲಿ ಒಂದರಲ್ಲಿ. ಕೊಟ್ಟದ್ದಕ್ಕೆ ಇಂದಿಗೂ ನನಗೆ ಮೈ ಉರಿಯುತ್ತದೆ.

ಮಾರನೆಯ ದಿನ ಡ್ರಮ್ಮಿನವರು ಬಂದು ಬಾಗಿಲಲ್ಲೇ ನಿಂತರು. "ನೀವಿಬ್ಬರೂ ಇದೀರಲ್ಲ, ಆವತ್ತಿನದನ್ನ ಇನ್ನೊಂದು ಸಲ ನುಡಿಸೋಕೆ ಆಗಲ್ವಾ?" ಎಂದು ಕೇಳಿದೆ.

"ಯಾವುದನ್ನ ಅತ್ತಿಗೆ? ಅದು ಹಾಡಾಗಿದ್ರೆ ನುಡಿಸ್ತಿದ್ವಿ."

ಪ್ಲೇಟು ಈಗಲೂ ನನ್ನ ಟ್ರಂಕಿನಲ್ಲಿದೆ. ಹಬ್ಬಕ್ಕೆ ಬಂದಾಗ ಭಾವ ಗ್ರಾಮಫೋನು ತರಿಸಿ, ಕೇಳಿ ಹಾಕಿಸಿಕೊಳ್ಳುತ್ತಾರೆ. ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತೇನೆ. ಎರಡೂ ಬದಿಯಲ್ಲಿ ಒಂದು ತಪ್ಪೂ ಇಲ್ಲ. ಆ ಮುಕ್ಕಾಲು ಗಂಟೆ ಇಲ್ಲ. ಅವರು ಉಸಿರು ಎಳೆದುಕೊಳ್ಳುವ ಸದ್ದು ಇಲ್ಲ. ಕೇಳಿಸ್ತಾ ಇದೆಯಾ ಎಂದು ನನ್ನನ್ನು ಕೇಳಿದ ದನಿ ಇಲ್ಲ.