ಒಂದು ರೂಮಿನಲ್ಲಿ ಕಟ್ಟಿದ ಬೀಗರ ಪದ

ನಮ್ಮ ಲೀಲ ಓದು ಬಿಡುತ್ತಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಟ್ರಂಕು, ಹಾಸಿಗೆ ಸಮೇತ ಕಡೂರಿಗೆ ಹೋದಳು. ಇದನ್ನು ಮೊದಲು ಹೇಳದಿದ್ದರೆ ನನಗೆ ಮುಂದಿನ ಮಾತು ಬರುವುದಿಲ್ಲ, ಅದಕ್ಕೇ ಹೇಳಿಬಿಟ್ಟೆ. ನಾನು ಕಲಿತದ್ದು ಎರಡನೇ ಕ್ಲಾಸು. ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ.

ಇದು ಇದೇ 1983ನೇ ಇಸವಿಯಲ್ಲಿ, ಸಖರಾಯಪಟ್ಟಣದ ನಮ್ಮ ಮನೆಯಲ್ಲಿ, ದೊಡ್ಡ ಮೊಮ್ಮಗಳು ಗೌರಿಯ ಮದುವೆಯ ದಿನ ನಡೆದದ್ದು. ಲೀಲ ಗೌರಿಯ ತಂಗಿ. ಟೀಚರ್ ಟ್ರೈನಿಂಗಿಗೆಂದು ಕಡೂರಿಗೆ ಸೇರಿದ್ದಳು. ಅಲ್ಲಿ ಅಜ್ಜಂಪುರದ ಜಯಂತಿ ಎನ್ನುವ ಹುಡುಗಿಯ ಜೊತೆ ಒಂದು ರೂಮು ಮಾಡಿಕೊಂಡಿದ್ದಳು. ನನ್ನ ಮಗ ಬಸವರಾಜ, ಅಂದರೆ ಲೀಲನ ಅಪ್ಪ, ಆ ಜಯಂತಿಯ ಮುಖ ನೋಡಿಯೇ ಮಗಳನ್ನು ಕಳಿಸಲು ಒಪ್ಪಿದ್ದು. ಒಂಟಿ ಹುಡುಗಿಯನ್ನು ಬಾಡಿಗೆ ರೂಮಿನಲ್ಲಿ ಬಿಡುವ ಧೈರ್ಯ ಅವನಿಗಿರಲಿಲ್ಲ.

ನಮ್ಮ ಕಡೆ ಮದುವೆಯ ಪಂಕ್ತಿಯಲ್ಲಿ ಬೀಗರ ಪದ ಹಾಡುತ್ತಾರೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ಹಂಗಿಸಿ ಹಾಡಬೇಕು, ಇವರು ತಿರುಗಿಸಿ ಕೊಡಬೇಕು. ಯಾರೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ತಿರುಗಿ ಹಾಡದಿದ್ದವರು ಸೋತ ಹಾಗೆ. ಈ ಇಬ್ಬರು ಹುಡುಗಿಯರು ರೂಮಿನಲ್ಲಿ ಕೂತು ಅಂಥ ಪದಗಳನ್ನು ಹೊಸದಾಗಿ ಕಟ್ಟುತ್ತಿದ್ದರು. ಮಾತು ಲೀಲನದು, ರಾಗ ಜಯಂತಿಯದು. ಜಯಂತಿ ಗಂಡಿನ ಕಡೆಯವಳಾಗಿ ಕೇಳುತ್ತಿದ್ದಳು, ಲೀಲ ಹೆಣ್ಣಿನ ಕಡೆಯವಳಾಗಿ ಉತ್ತರ ಕೊಡುತ್ತಿದ್ದಳು. ಅವರ ಸ್ಕೂಲಿನ ಹಬ್ಬದಲ್ಲಿ ಹಾಡಿ ಎಲ್ಲರನ್ನೂ ನಗಿಸಿದ್ದರಂತೆ. ರಜಕ್ಕೆ ಜಯಂತಿ ನಮ್ಮ ಮನೆಗೆ ಬಂದಾಗ ಅಡಿಗೆಮನೆಯಲ್ಲಿ ಹಾಡಿ ತೋರಿಸಿದ್ದರು. ನಾನು ನಕ್ಕು ನಕ್ಕು ರೊಟ್ಟಿ ಸೀದುಹೋಗಿತ್ತು.

ಹೀಗೆ ಬಂದು ಹೋಗಿ ಮಾಡುತ್ತಲೇ ಜಯಂತಿಯ ಅಣ್ಣನಿಗೂ ನಮ್ಮ ಗೌರಿಗೂ ಸಂಬಂಧ ಕೂಡಿತು. ಎಲ್ಲರಿಗೂ ಸಂತೋಷ. ಜಗಳ ಹತ್ತಿದ್ದೂ ಅಲ್ಲಿಂದಲೇ. ಈಗ ಒಬ್ಬಳು ಗಂಡಿನ ಕಡೆ, ಇನ್ನೊಬ್ಬಳು ಹೆಣ್ಣಿನ ಕಡೆ. ಪದ ಯಾರದು?

"ನಮ್ ಅಕ್ಕನ ಮದ್ವೇಲಿ ನಾವ್ ಹಾಡ್ತೀವಿ. ಮಾತೆಲ್ಲ ನಂದು," ಎಂದಳಂತೆ ಲೀಲ.

"ರಾಗ ನಂದು ಕಣೇ. ನನ್ ರಾಗ ಬಿಟ್ಟು ಹಾಡು ನೋಡಾನ."

"ನನ್ ಮಾತು ಬಿಟ್ಟು ನೀನ್ ಹಾಡು. ಬರೀ ತಂದನಾನ ಅಂತಾ ಕೂತ್ಕ."

ಆ ತಂದನಾನ ಜಯಂತಿಗೆ ನಾಟಿತು. ಅವಳು ತನ್ನ ಅಕ್ಕಿ ಬೇರೆ ಬೇಯಿಸಿಕೊಂಡಳು. ಇವಳು ಟ್ರಂಕು ಎತ್ತಿಕೊಂಡು ಮನೆಗೆ ಬಂದಳು. ಬಸವರಾಜ ಎಲ್ಲ ಕೇಳಿ, "ಆ ಹುಡುಗಿ ಜೊತೆಗಿಲ್ಲ ಅಂದ್ರೆ ನೀನೊಬ್ಳೇ ಅಲ್ಲಿರೋದು ಬ್ಯಾಡ. ಬಿಟ್ಬಿಡು. ಅಕ್ಕನ ಮದುವೆ ಆಗ್ಲಿ, ನಿಂಗೂ ಒಂದ್ ಕಡೆ ನೋಡಾನ," ಎಂದ. ಕೋಪದಿಂದ ಹೇಳಿದ್ದಲ್ಲ, ಹೆದರಿಕೆಯಿಂದ. ಆದರೆ ಅವನು ಒಂದು ಸಲ ಹೇಳಿದರೆ ಹೇಳಿದ್ದೇ.

ನನಗೆ ಊಟ ಸೇರಲಿಲ್ಲ. ನಮ್ಮ ವಂಶದಲ್ಲಿ ಒಬ್ಬ ಹೆಣ್ಣುಮಗಳು ಮೇಜಿನ ಹಿಂದೆ ನಿಂತು ಪಾಠ ಹೇಳುತ್ತಾಳೆ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. "ನೀನೇ ಒಂದ್ ಮಾತು ಸೋತು ಬಾರೇ," ಎಂದರೆ, "ಸುಮ್ನಿರಜ್ಜಿ, ನಾನ್ಯಾಕೆ ಸೋಲ್ಲಿ," ಎಂದು ಗೋಡೆಗೆ ತಿರುಗಿ ಮಲಗಿದಳು. ರಾಜಿ ಮಾಡಿಸಲು ನನಗೆ ತಿಳಿಯಲಿಲ್ಲ.

ಮದುವೆಯ ದಿನವೂ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಮಧ್ಯಾಹ್ನ ಚಪ್ಪರದಲ್ಲಿ ಬೀಗರಿಗೆ ಎಲೆ ಹಾಕಿದೆವು. ಲೀಲ ಪಾಯಸದ ಬಕೀಟು ಹಿಡಿದಿದ್ದಳು. ಜಯಂತಿ ಎಲೆಯ ಮುಂದೆ ಕೂತು ಶುರು ಮಾಡಿಯೇಬಿಟ್ಟಳು:

"ಸಾರಿಗೆ ಉಪ್ಪು ಕಮ್ಮಿ, ಪಾಯ್ಸಕ್ಕೆ ಬೆಲ್ಲ ಕಮ್ಮಿ,
ಹೆಣ್ಣಿನ ಅಜ್ಜಿ ಕೈ ಗಿಡ್ಡ, ಕೇಳ್ರವ್ವಾ."

ಪಂಕ್ತಿಯೆಲ್ಲ ನನ್ನನ್ನು ನೋಡಿ ನಕ್ಕಿತು. ನಾನೂ ನಕ್ಕೆ. ಆದರೆ ತಿರುಗಿ ಹಾಡುವವರಿಲ್ಲ. ನನ್ನ ಸೊಸೆ ಯಾವುದೋ ಹಳೆಯ ಪದ ಎತ್ತಿದಳು, ಆ ರಾಗಕ್ಕೆ ಅದು ಕೂಡದೆ ಅರ್ಧಕ್ಕೇ ಬಿಟ್ಟಳು. ಜಯಂತಿ ಮತ್ತೆ ಹಾಡಿದಳು, ಮತ್ತೆ ನಿಲ್ಲಿಸಿದಳು. ಮುಂದಿನ ಸಾಲು ಅವಳಿಗೆ ಬಾಯಿಪಾಠವೇ. ಆದರೆ ಅದು ಬೀಗರನ್ನೇ ಹಂಗಿಸುವ ಸಾಲು, ಗಂಡಿನ ಕಡೆ ಕೂತು ಅವಳು ಹೇಗೆ ಹಾಡಿಯಾಳು? ಇಡೀ ಪದ ತಮಗೇ ಬೇಕೆಂದು ಕಿತ್ತಾಡಿದರಲ್ಲ, ಆ ಪದವನ್ನು ಒಂದು ಕಡೆಯವರೇ ಹಾಡಲು ಬರುವಂತಿರಲಿಲ್ಲ. ಇದು ಇಬ್ಬರಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ.

"ಏನ್ರಪ್ಪಾ, ಸಕ್ರೇಪಟ್ಣದೋರಿಗೆ ಬಾಯಿಲ್ವಾ?" ಎಂದ ಗಂಡಿನ ಚಿಕ್ಕಪ್ಪ.

ಜಯಂತಿ ಮತ್ತೊಂದು ಸಲ ಎತ್ತಿದಳು. ಈ ಸಲ ಧ್ವನಿ ಇಳಿದಿತ್ತು. ಕಣ್ಣು ಲೀಲನ ಮೇಲೇ ಇತ್ತು. "ಕೇಳ್ರವ್ವಾ" ಎಂದವಳೇ ತಲೆ ತಗ್ಗಿಸಿ ಎಲೆ ನೋಡುತ್ತಾ ಕೂತಳು. ಲೀಲ ಬಕೀಟು ಕೆಳಗಿಟ್ಟಳು. ನಿಂತಲ್ಲಿಂದಲೇ:

"ಅಜ್ಜಿ ಕೈ ಗಿಡ್ಡಲ್ಲ, ಬೀಗರ ಹೊಟ್ಟೆ ದೊಡ್ಡ,
ಕೊಪ್ಪರಿಗೆ ಬರಿದಾಯ್ತು, ಎಲೆ ಬಿಟ್ಟು ಏಳ್ರಯ್ಯಾ."

ಚಪ್ಪರ ಹಾರಿಹೋಗುವ ಹಾಗೆ ನಗು. ಆ ಚಿಕ್ಕಪ್ಪನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಜಯಂತಿ ಕಣ್ಣೊರೆಸಿಕೊಂಡು ಎರಡನೆಯದನ್ನು ಎತ್ತಿದಳು, ಇವಳು ತಿರುಗಿಸಿ ಕೊಟ್ಟಳು. ಬೀಗರು ಉಣ್ಣುವುದನ್ನೇ ಮರೆತರು.

ಆಮೇಲೆ ಲೀಲನನ್ನು ಪಕ್ಕಕ್ಕೆ ಕರೆದು, "ಸೋಲಲ್ಲ ಅಂದಿದ್ದೆಯಲ್ಲೇ," ಎಂದೆ.

"ಅವ್ಳು ನಿಲ್ಸಿದ ಜಾಗ ನಂದು ಕಣಜ್ಜಿ. ಹೆಂಗ್ ಸುಮ್ನಿರ್ಲಿ?" ಎಂದಳು.

ಅಷ್ಟರಲ್ಲಿ ಜಯಂತಿ ಕೈ ತೊಳೆದು ನೇರ ಬಸವರಾಜನ ಹತ್ತಿರ ಬಂದಳು. "ಮಾವಾ, ಸೋಮವಾರ ಲೀಲನ್ನ ನನ್ ಜೊತೆ ಕಳಿಸ್ತೀರೋ, ಇಲ್ಲಾ ನಿಮ್ ಮೇಲೂ ಒಂದ್ ಪದ ಕಟ್ಟಾನೋ?"

"ಬ್ಯಾಡ ತಾಯಿ, ಕಳಿಸ್ತೀನಿ. ಆದ್ರೆ ಇನ್ನೊಂದ್ ಸಲ ಒಲೆ ಬೇರೆ ಮಾಡಿದ್ರೆ ಇಬ್ರನ್ನೂ ಊರಿಗ್ ಕರ್ಕೊಂಡು ಬತ್ತೀನಿ," ಎಂದ ನನ್ನ ಮಗ.

ಇಬ್ಬರು ಸೇರಿ ಕಟ್ಟಿದ್ದನ್ನು ಅರ್ಧ ಮಾಡಿ ಹಂಚಿಕೊಳ್ಳಲು ಆಗುವುದಿಲ್ಲ ಎಂದು ಆ ಮಕ್ಕಳಿಗೆ ನಾನು ಹೇಳಿಕೊಡಲಿಲ್ಲ. ಅವರೇ ನನಗೆ ತೋರಿಸಿದರು.

ದೀಪ ಹಚ್ಚುವ ಹೊತ್ತಿಗೆ ನೆಂಟರ ಪಂಕ್ತಿಗಳು ಮುಗಿದವು. ಕೊನೆಗೆ ಮನೆಯವರು ಕೂತೆವು. ಬೀಗರೂ "ನಾವೂ ಮನೆಯೋರೇ" ಎಂದು ನಮ್ಮ ಸಾಲಿಗೇ ಬಂದು ಒಂದೊಂದು ಎಲೆ ಹಾಕಿಸಿಕೊಂಡರು. ಮದುಮಕ್ಕಳು ನಡುವೆ, ಆ ಕಡೆ ಬಸವರಾಜ ಮತ್ತು ಅವನ ಬೀಗರು, ಈ ಕಡೆ ಸೊಸೆ, ನಾನು, ನನ್ನ ಪಕ್ಕ ಆ ಇಬ್ಬರು ಹುಡುಗಿಯರು. ಒಬ್ಬಳ ಎಲೆಯ ಹಪ್ಪಳವನ್ನು ಇನ್ನೊಬ್ಬಳು ಮುರಿದುಕೊಂಡು ತಿನ್ನುತ್ತಿದ್ದಳು. ಎಷ್ಟೋ ದಿನದ ಮೇಲೆ ನನಗೆ ಚೆನ್ನಾಗಿ ಹಸಿವಾಗಿತ್ತು. ಅನ್ನ ಬಡಿಸಲು ಬಂದವರಿಗೆ ಬೇಡ ಎನ್ನದೆ ಹಾಕಿಸಿಕೊಂಡು ಉಂಡೆ.