ಖಾರವಿಲ್ಲದ ಭಜಿ

ಮಿರ್ಚಿ ಅಕ್ಕನ ಬಲಗೈ ತುಂಬ, ಮಣಿಕಟ್ಟಿನಿಂದ ಮೊಣಕೈವರೆಗೆ, ಎಣ್ಣೆ ಸಿಡಿದ ಕಲೆಗಳು. ಯಾರೋ ಜೋಳದ ಕಾಳು ಚೆಲ್ಲಿದ ಹಾಗೆ. ಸುರಪುರದ ಸಂತೆಯಲ್ಲಿ ಒಣಮೆಣಸಿನಕಾಯಿ ರಾಶಿಗಳನ್ನು ಸೀನುತ್ತ ದಾಟಿ, ಮಂಡಾಳದ, ಎಂದರೆ ಮಂಡಕ್ಕಿಯ, ಚೀಲಗಳ ಹತ್ತಿರ ತಿರುಗಿದರೆ ಆಕೆಯ ಕಡಾಯಿ. ಉಂಗುರ ಬೆರಳಿನಿಂದ ಒಂದು ಹನಿ ಹಿಟ್ಟು ಎಣ್ಣೆಗೆ ಬಿಟ್ಟು, ಅದು ಮೇಲೇಳುವ ತನಕ ಮೆಣಸಿನಕಾಯಿ ಹಾಕುತ್ತಿರಲಿಲ್ಲ. ಗಿರಾಕಿಗಳು ಗಡಿಬಿಡಿ ಮಾಡಿದರೆ, "ಅವಸರ ಇದ್ದರ ಹಸೀದೇ ತಿಂದು ಹೋಗ್ರಿ," ಎನ್ನುವಳು.

ನಮ್ಮ ಮನೆಯ ಹೆಂಗಸರು ಸಂತೆಯಲ್ಲಿ ತಿನ್ನುವವರಲ್ಲ. ಬಸುರಿಯಾಗಿದ್ದಾಗ ಆ ವಾಸನೆಗೆ ನನ್ನ ಕಾಲು ಮುಂದೆ ಹೋಗಲಿಲ್ಲ. ಅಕ್ಕ ನನ್ನ ಹೊಟ್ಟೆ ನೋಡಿ, ತನ್ನ ಬೆನ್ನ ಹಿಂದೆ ಚೀಲ ಹಾಸಿ ಕೂಡಿಸಿದಳು.

"ಸೆರಗು ಅಡ್ಡ ಹಿಡಕೊಂಡು ತಿನ್ನು ತಂಗಿ. ನಿಮ್ಮತ್ತಿ ಬಂದರ ನಾ ಕೆಮ್ಮತೀನಿ."

ಮೆಣಸಿನಕಾಯಿ ಇಲ್ಲದ, ಬರೀ ಹಿಟ್ಟಿನ ಪುಟ್ಟ ಭಜಿಯೊಂದನ್ನು ಬೇರೆ ಕಾಗದದಲ್ಲಿ ಸುತ್ತಿ ಕೊಟ್ಟಳು. "ಇದು ನಿಂದಲ್ಲ. ಒಳಗಿನ ಕೂಸಿಂದು."

ಹೆರಿಗೆಗೆ ಗುರುಮಠಕಲ್ಲಿನ ತವರಿಗೆ ಹೋದೆ. ಹೆಣ್ಣು ಹುಟ್ಟಿತು. ಮೂರನೆಯ ದಿನ ಹೋಯಿತು. ಹೆಸರಿಡುವಷ್ಟು ಹೊತ್ತೂ ಇರಲಿಲ್ಲ. ಐದು ತಿಂಗಳು ಕಳೆದು ಗಂಡನ ಮನೆಗೆ ಮರಳಿದಾಗ ಅತ್ತೆ, "ಶಿವ ಕೊಟ್ಟಿದ್ದ, ಶಿವ ಒಯ್ದ. ಇನ್ನ ಆ ಸುದ್ದಿ ಬ್ಯಾಡ," ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನೂ ಹೂಂ ಅಂದೆ.

ಮುಂದಿನ ಸಂತೆಯಲ್ಲಿ ಅಕ್ಕ ದೂರದಿಂದಲೇ ಕೂಗಿದಳು. "ಏನು ಕೂಸವ್ವಾ?"

"ಹೆಣ್ಣುರಿ."

"ಆರಾಮ ಐತೇನು?"

ಇಲ್ಲ ಅನ್ನಬೇಕಿತ್ತು. "ಆರಾಮ ಐತ್ರಿ," ಅಂದೆ. ಬೆಳಿಗ್ಗೆ ಲಿಂಗಪೂಜೆ ಮಾಡಿದ ಕೈಯನ್ನೇ ಚಾಚಿ ಪುಟ್ಟ ಭಜಿ ಇಸಿದುಕೊಂಡೆ. "ನೀ ತಿನ್ನು, ಹಾಲಿನಾಗ ಅದಕ್ಕ ಮುಟ್ಟತೈತಿ," ಅಂದಳು. ನನ್ನ ಎದೆಹಾಲು ಬತ್ತಿ ತಿಂಗಳುಗಳಾಗಿದ್ದವು.

ಆಮೇಲೆ ವಾರವಾರವೂ ಅದೇ. ಹಲ್ಲು ಬಂದ್ವೇನು? ಎರಡು ಬಂದಾವ್ರಿ. ಹೊಸ್ತಿಲ ದಾಟ್ಯಾಳೇನು? ದಾಟ್ಯಾಳ್ರಿ. ವರ್ಷ ಕಳೆದಂತೆ ಭಜಿಯೂ ದೊಡ್ಡದಾಯಿತು. ಸಾಲಿಗೆ ಹಾಕಿದೆವು ಅಂದ ದಿನ ಅದರೊಳಗೆ ಮೆಣಸಿನಕಾಯಿಯ ಸಣ್ಣ ಚೂರು ಸೇರಿಸಿದಳು. "ನಮ್ಮ ಸೀಮಿ ಹುಡುಗಿ, ಖಾರ ಕಲೀಲಿ."

ಸುಳ್ಳು ಹೇಳಿ ತಂದದ್ದನ್ನು ದೇವರ ಮುಂದಿಡಲು ಮನಸ್ಸು ಬರುತ್ತಿರಲಿಲ್ಲ. ಹಿತ್ತಿಲ ಬಚ್ಚಲ ಪಕ್ಕ ನಿಂತು ನಾನೇ ತಿನ್ನುತ್ತಿದ್ದೆ. ಮತ್ತೆ ನನಗೆ ಮಕ್ಕಳಾಗಲಿಲ್ಲ. ನಿಜ ಹೇಳಿಬಿಡಬೇಕೆಂದು ಪ್ರತಿ ವಾರ ಹೊರಡುತ್ತಿದ್ದೆ. ಹೇಳಿದರೆ, ಇಡೀ ಊರಿನಲ್ಲಿ ನಾನು ತಾಯಿಯಾಗಿದ್ದ ಆ ಒಂದು ಜಾಗವೂ ಹೋಗುತ್ತಿತ್ತು.

ಒಂಬತ್ತನೆಯ ವರ್ಷ ಕಡಾಯಿ ಹಚ್ಚುವುದು ನಿಂತಿತು. ಅಕ್ಕನಿಗೆ ಹೊಟ್ಟೆಯ ರೋಗ, ಬಹಳ ದಿನ ಇಲ್ಲ ಎಂದರು. ಗಂಜಿ ಕಟ್ಟಿಕೊಂಡು ಆಕೆಯ ಊರಾದ ಬೋನಾಳದ ಬಸ್ಸು ಹತ್ತಿದೆ. ಸಾಯುವವಳಿಗೂ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ.

"ಅಕ್ಕಾ, ನನ್ನ ಮಗಳು..."

"ಗೊತ್ತೈತಿ," ಅಂದಳು. "ನೀ ತವರಿಂದ ಬಂದ ವಾರನ ಬಳಿಗಾರ್ತಿ ಹೇಳಿದ್ಲು."

ಅಷ್ಟು ವರ್ಷಗಳಲ್ಲಿ ಆಕೆ ಒಮ್ಮೆಯೂ ಮಗಳನ್ನು ಕರಕೊಂಡು ಬಾ ಅಂದಿರಲಿಲ್ಲ. ಅದು ನನಗೆ ಆಗ ಹೊಳೆಯಿತು.

"ಮತ್ತ ಯಾಕ ಕೊಟ್ರಿ?"

"ನೀ ಒಮ್ಮೆರ ಬ್ಯಾಡ ಅಂದ್ಯಾ?"

ನಾನು ಅತ್ತುಬಿಟ್ಟೆ. ಆಕೆ ಸಾಕಾಗುವಷ್ಟು ಅಳಲು ಬಿಟ್ಟು, ಆ ಕಲೆಗಳ ಕೈಯಿಂದ ನನ್ನ ಮೊಣಕಾಲು ತಟ್ಟಿದಳು.

"ಇರಲಿ. ಎಷ್ಟನೇ ಕ್ಲಾಸ ಈಗ?"

ಸೆರಗಿನಿಂದ ಕಣ್ಣೊರೆಸಿಕೊಂಡೆ. "ನಾಕನೇದ್ರಿ."

"ಓದತಾಳ?"

"ಓದತಾಳ್ರಿ. ಲೆಕ್ಕದಾಗ ಸ್ವಲ್ಪ ಹಿಂದ."

"ನಿನ್ನಂಗ," ಅಂದಳು.

ಎಂಟು ದಿನಕ್ಕೆ ಅಕ್ಕ ತೀರಿಕೊಂಡಳು. ಶಿವನ ಮೇಲೆ ನನಗೆ ದೂರಿಲ್ಲ. ಮೂರು ದಿನದ ಕೂಸನ್ನು ಒಂಬತ್ತು ವರ್ಷ ಬೆಳೆಸಿಕೊಡುವವಳನ್ನು ಅವನೇ ಕಳಿಸಿದ್ದ. ಅಷ್ಟು ಎಷ್ಟು ಜನಕ್ಕೆ ಸಿಗುತ್ತದೆ? ಜೂನ್ ಬಂತು, ಓಣಿಯ ಮಕ್ಕಳು ಹೊಸ ಪಾಟಿಚೀಲ ಹಾಕಿಕೊಂಡು ಹೊರಟವು. ಬಾಗಿಲಲ್ಲಿ ನಿಂತು, ಐದನೆಯ ಕ್ಲಾಸು ಎಂದು ನನ್ನಷ್ಟಕ್ಕೆ ಹೇಳಲು ನೋಡಿದೆ. ಕೇಳುವವರಿಲ್ಲದೆ ಅದು ಬಾಯಿಗೆ ಬರಲಿಲ್ಲ. ನನ್ನ ಮಗಳು ನಾಲ್ಕರಲ್ಲೇ ನಿಂತಿದ್ದಾಳೆ.