ಫೋಟೋ ಕಥೆಯ ಹೆಣ

ಕೆರೂರಿನ ನಮ್ಮ ಸೋದರತ್ತೆ ವಾರಪತ್ರಿಕೆಯೊಂದನ್ನು ಹಿಡಿದು ಅಳುತ್ತಾ ಬಾದಾಮಿಗೆ ಬಂದಾಗ, ಅವರ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಎಂಬತ್ತರ ದಶಕದಲ್ಲಿ ವಾರಪತ್ರಿಕೆಗಳಿಗೆ ಚಿತ್ರ ಬರೆಯುವ ಶ್ರಮ ಬೇಡವೆಂದು ಫೋಟೋಗಳಿಗೇ ಮಾತು ಅಂಟಿಸಿ ಕಥೆ ಮಾಡುವ ಚಟ ಹತ್ತಿತ್ತು. ಹಾಗೆ ಫೋಟೋ ತೆಗೆಯಲು ಬಂದ ಶಹರದ ಜಾಣರು ದೊಡ್ಡಪ್ಪನನ್ನು ಚಾಪೆಯ ಮೇಲೆ ಮಲಗಿಸಿ ಕಥೆಯ ಹೆಣ ಮಾಡಿ ಹೋಗಿದ್ದರು. ಓದಲು ಬಾರದ ಅತ್ತೆ ಫೋಟೋ ನೋಡಿ ಅಣ್ಣ ಸತ್ತೇಹೋದನೆಂದು ನಂಬಿಬಿಟ್ಟಿದ್ದರು.

ವಿಷಯ ತಿಳಿದ ಮೇಲೆ ಕಣ್ಣೊರೆಸಿಕೊಂಡು ಸಿಡಿದರು: "ನಮ್ಮ ಮಂದಿ ಹೆಣಾ ಕುಂದರಸ್ತಾರೋ, ಮಲಗಸ್ತಾರೋ? ಅಷ್ಟೂ ತಿಳೀದವರಿಗೆ ಕಥಿ ಯಾಕ ಬೇಕಾಗಿತ್ತು?"

ಮುಂದೆ ದೊಡ್ಡಪ್ಪ ನಿಜವಾಗಿಯೇ ತೀರಿಕೊಂಡಾಗ, ರೂಢಿಯಂತೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದೆವು. ಅತ್ತೆ ಅಣ್ಣನ ಕೊರಳ ಹಾರ ಸರಿಪಡಿಸಿ ಮೆಲ್ಲಗೆ ಹೇಳಿದರು: "ಈಗ ಕರೀರಿ ಆ ಫೋಟೋದವರನ್ನ. ನೋಡಿ ಕಲೀಲಿ."